ಸುಟ್ಟ ಆಂಪ್ಲಿಫೈಯರ್

“ಆ ಬೋರ್ಡ್ ಕೆಳಗಿಡು!”

ಕತ್ತಿನ ಹಿಂದೆ ತಣ್ಣನೆಯ ಕಬ್ಬಿಣ ತಾಗಿತು. ಶಟರ್ ಎಳೆಯುವ ರಾಡು. ತಿರುಗಿ ನೋಡದೆಯೇ ಗೊತ್ತಾಯಿತು.

ನಾನು ಅಲುಗಲಿಲ್ಲ. ಅಲುಗುವ ಹಾಗೂ ಇರಲಿಲ್ಲ. ಸೊಂಟದವರೆಗೆ ಹಳೆಯ ವಿಡಿಯೋ ಗೇಮ್ ಮಷೀನಿನ ಹೊಟ್ಟೆಯೊಳಗಿದ್ದೆ. ರಾಡು ಅದರ ಹಿಂಬಾಗಿಲಿನಿಂದ ಒಳಗೆ ತೂರಿಬಂದಿತ್ತು. ಬಾಯಲ್ಲಿ ಟಾರ್ಚು. ಎಡಗೈಯಲ್ಲಿ ಆಂಪ್ಲಿಫೈಯರ್ ಬೋರ್ಡು. ಬಲಗೈಯಲ್ಲಿ ಸ್ಕ್ರೂಡ್ರೈವರ್.

ಟಾರ್ಚನ್ನು ಉಗಿದೆ.

“ಯಾರು... ಪಾರ್ಟ್ನರಾ?”

“ಯಾರಾದ್ರೆ ನಿನಗೇನು? ಕೆಳಗಿಡು ಅಂದೆ!”

ದನಿ ಅವನದೇ. ನನ್ನಣ್ಣನ ಜೊತೆ ಸೇರಿ ಈ ಗೇಮ್ ಪಾರ್ಲರ್ ನಡೆಸುತ್ತಿದ್ದವನು. ಬಜಾರಿಗೆಲ್ಲ ಅವನು ಪಾರ್ಟ್ನರ್. ಬಡಕಲು ಆಸಾಮಿ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವನು. ಅವನ ಕೈಯಲ್ಲಿ ರಾಡು!

ನಾನು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿ. ಹಳೆಯ ಗೇಮ್ ಮಷೀನ್ ರಿಪೇರಿ ನನ್ನ ಕಸುಬು. ಯಾರಾದರೂ ಮಷೀನ್ ಹೊತ್ತುಕೊಂಡು ಹೋದರೆ, ಹುಡುಕಿ ಎತ್ತಿಕೊಂಡು ಬರುವುದೂ ನನ್ನದೇ ಕೆಲಸ. ಹೆಂಗಸು ಅಂತ ಹಗುರವಾಗಿ ತೆಗೆದುಕೊಂಡ ಒಬ್ಬ ನನ್ನ ಮೂಗು ಮುರಿದ. ಅವನೀಗ ಗಂಜಿ ಮಾತ್ರ ಕುಡಿಯುತ್ತಾನೆ. ಬಜಾರಿನಲ್ಲಿ ನನ್ನನ್ನು ಕರೆಯುವುದು ಫ್ಯೂಸ್ ಅಂತ. ಬೇಗ ಹಾರಿಹೋಗುತ್ತೇನಂತೆ!

ಅಣ್ಣ ಸತ್ತದ್ದು ಹಿಂದಿನ ವಾರ. ಇದೇ ಮಷೀನಿನ ಮುಂದೆ. ಶಾಕ್ ಹೊಡೆದು.

ಆಕಸ್ಮಿಕ ಎಂದರು ಪೊಲೀಸರು. ಎಲ್ಲರೂ ತಲೆಯಾಡಿಸಿದರು.

ನಾನು ಆಡಿಸಲಿಲ್ಲ.

ಅಣ್ಣನೂ ನಾನೂ ಅಪ್ಪನ ಪಕ್ಕ, ಒಂದೇ ಮೇಜಿನ ಮೇಲೆ ಬೆಸುಗೆ ಹಾಕಲು ಕಲಿತವರು. ಅಣ್ಣ ಮೇನ್ ಸ್ವಿಚ್ ಆರಿಸದೆ ಬಲ್ಬ್ ಕೂಡ ಬದಲಿಸುತ್ತಿರಲಿಲ್ಲ. ಅಂಥವನು ಶಾಕ್ ಹೊಡೆಸಿಕೊಂಡು ಸಾಯುತ್ತಾನಾ?

ರಾಡು ತಾಗಿದ ದಿನ ಬೆಳಿಗ್ಗೆ ಇನ್ನೊಂದು ಸುದ್ದಿ ಬಂತು. ಅತ್ತಿಗೆ ಆ ಮಷೀನನ್ನು ಗುಜರಿಗೆ ಕಳಿಸುತ್ತಿದ್ದಾರೆ. ಸಂಜೆ ಪಾರ್ಟ್ನರ್ ಗಾಡಿ ತರುತ್ತಾನೆ. ಅಷ್ಟು ಅವಸರ ಯಾಕೆ?

ನಾನು ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. “ಸಂಜೆ ಪಾರ್ಲರಿಗೆ ಬನ್ನಿ ಸಾರ್. ಒಂದು ತೋರಿಸೋದಿದೆ.” ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟೆ.

ಅಣ್ಣ ಸತ್ತ ದಿನದಿಂದ ಮಷೀನಿಗೆ ದನಿ ಇರಲಿಲ್ಲ. ಚಿತ್ರ ಬರುತ್ತಿತ್ತು, ಸೌಂಡ್ ಇಲ್ಲ. ಅಲ್ಲಿಂದಲೇ ಶುರು ಮಾಡಿದೆ.

ಆಂಪ್ಲಿಫೈಯರಿನ ಐಸಿ, ಸದ್ದು ಹಿಗ್ಗಿಸುವ ಆ ಪುಟ್ಟ ಚಿಪ್, ನಡುವೆಯೇ ಸೀಳಿಹೋಗಿತ್ತು. ವಯಸ್ಸಾಗಿ ಸತ್ತ ಐಸಿ ಹೀಗೆ ಸೀಳುವುದಿಲ್ಲ. ಹನ್ನೆರಡು ವೋಲ್ಟಿನಲ್ಲಿ ಬದುಕುವ ಜೀವ ಅದು. ಗೋಡೆಯ ಕರೆಂಟು ನುಗ್ಗಿದರೆ ಮಾತ್ರ ಈ ಗತಿ. ಎಲ್ಲಿಂದ ನುಗ್ಗಿತು?

ಸುಟ್ಟ ಜಾಡು ಹಿಡಿದು ಹೋದೆ. ಅದು ಮುಂಭಾಗದ ಕಬ್ಬಿಣದ ಬಾಗಿಲಿನ ಒಳಗೆ, ವಾಲ್ಯೂಮ್ ಕಂಟ್ರೋಲಿನ ಹತ್ತಿರ ಹೋಗಿ ನಿಂತಿತು. ಅದರ ಲೋಹದ ಮೈಮೇಲೆ ಹೊಸ ಬೆಸುಗೆ! ದಪ್ಪ, ಮಂಕು, ಒರಟು. ಯಾರೋ ಒಂದು ವೈರು ಅಂಟಿಸಿ, ಆಮೇಲೆ ಕಿತ್ತಿದ್ದರು. ಬೆಸುಗೆಯ ಗಂಟು ಉಳಿದುಬಿಟ್ಟಿತ್ತು.

ಒಂದು ಕೈ ಕಬ್ಬಿಣದ ಬಾಗಿಲ ಮೇಲೆ. ಇನ್ನೊಂದು ಕೈ ವಾಲ್ಯೂಮ್ ಮೇಲೆ. ನಡುವೆ ಎದೆಯ ಮೂಲಕ ಕರೆಂಟು...

ಕೊಲೆ!

ಕಂಟ್ರೋಲಿನ ಸಮೇತ ಬೋರ್ಡನ್ನು ಬಿಚ್ಚಿಕೊಂಡೆ. ಅಷ್ಟರಲ್ಲೇ ಕತ್ತಿಗೆ ರಾಡು ತಾಗಿದ್ದು.

“ನಿಧಾನ ಪಾರ್ಟ್ನರ್. ಇಡ್ತಿದ್ದೀನಿ...”

ಸೌಂಡ್ ನೋಡಲು ಆಗಷ್ಟೇ ಮಷೀನ್ ಹಾಕಿ ಆರಿಸಿದ್ದೆ. ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಇನ್ನೂ ಕೂತಿತ್ತು. ಸ್ಕ್ರೂಡ್ರೈವರನ್ನು ಅದರ ಎರಡೂ ಕಾಲಿಗೆ ಅಡ್ಡ ಇಟ್ಟೆ.

ಛಟಾರ್!

ನೀಲಿ ಕಿಡಿ. ಪಾರ್ಟ್ನರ್ ಬೆಚ್ಚಿ ಹಿಂದೆ ಸರಿದ. ನಾನು ಹೊರಗೆ ಜಿಗಿದು ಮೊಣಕೈಯಿಂದ ಅವನ ಹೊಟ್ಟೆಗೆ ಒಂದು ಕೊಟ್ಟೆ. ಬೋರ್ಡನ್ನು ಎದೆಗವಚಿಕೊಂಡು ಓಡಿದೆ.

“ನಿಲ್ಲು! ಅದನ್ನ ತಗೊಂಡು ಹೋಗ್ಬೇಡ!”

ಮಷೀನುಗಳ ಸಾಲಿನ ನಡುವೆ ನುಗ್ಗಿದೆ. ಹಿಂದೆ ರಾಡು ಬೀಸಿದ ಸದ್ದು. ಯಾವುದೋ ಪರದೆಯ ಗಾಜು ಜಲ್ಲನೆ ಉದುರಿತು. ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಕೆಳಗೆ ಅವನು ಕೂರುವ ಕೌಂಟರ್. ಅದರ ಕುರ್ಚಿಯನ್ನು ಹಿಂದಕ್ಕೆ ಒದ್ದೆ. ಅವನು ಎಡವಿ ಬಿದ್ದ. ಎದ್ದ. ಮತ್ತೆ ಬೆನ್ನಟ್ಟಿದ.

ಬೀದಿಯ ತುಂಬ ಮಧ್ಯಾಹ್ನದ ಬಿಸಿಲು. ಲಾರಿಯಿಂದ ಬಟ್ಟೆಯ ಮೂಟೆ ಇಳಿಸುತ್ತಿದ್ದರು. ಮೂಟೆಗಳ ಸಂದಿಯಲ್ಲಿ ತೂರಿದೆ.

“ಹಿಡೀರಿ ಅವಳನ್ನ!” ಅಂತ ಅವನು ಕೂಗಿದ.

ಹಮಾಲಿಯೊಬ್ಬ ನನ್ನ ಮುಖ ನೋಡಿದ. ಫ್ಯೂಸ್ ಅಂತ ಗುರುತು ಹತ್ತಿತು. ಮೆಲ್ಲಗೆ ಬದಿಗೆ ಸರಿದ. ಜಾಣ!

ಓಣಿಯ ಕೊನೆಗೆ ನನ್ನ ಅಂಗಡಿ. ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ನುಗ್ಗಿ, ಎಳೆದು ಚಿಲಕ ಹಾಕಿದೆ.

ಬೀಗ ಹಾಕಿ ಹೋಗಿದ್ದೆನಲ್ಲ... ಇದು ತೆರೆದಿದ್ದದ್ದು ಹೇಗೆ?

“ಬಂದ್ಯಾ?”

ತಿರುಗಿದೆ. ನನ್ನ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದರು. ಬೀಗದಕೈ ಎಲ್ಲಿಡುತ್ತೇನೆಂದು ಅವರಿಗೆ ಗೊತ್ತು. ಸಣ್ಣ ದನಿಯ, ತಲೆತಗ್ಗಿಸಿ ನಡೆಯುವ ನನ್ನ ಅತ್ತಿಗೆ.

“ಅತ್ತಿಗೆ! ಅಣ್ಣಂದು ಆಕ್ಸಿಡೆಂಟ್ ಅಲ್ಲ! ನೋಡಿ ಇಲ್ಲಿ... ಇದಕ್ಕೆ ಕರೆಂಟ್ ಕೊಟ್ಟಿದ್ದಾರೆ! ಕೊಂದವನು ಹೊರಗೇ ಇದ್ದಾನೆ!”

ಹೊರಗೆ ಶಟರ್ ದಡದಡ ಬಡಿಯತೊಡಗಿತು.

ಅತ್ತಿಗೆ ಬೋರ್ಡಿನ ಕಡೆ ನೋಡಿದರು. ಆ ಬೆಸುಗೆಯ ಗಂಟನ್ನೇ ನೋಡಿದರು.

“ಬಾಗಿಲು ತೆಗಿ. ಅವನಿಗೆ ಬೆಸುಗೆ ಹಾಕೋಕೆ ಬರಲ್ಲ.”

“ಮತ್ತೆ ಯಾರಿಗೆ ಬರುತ್ತೆ?”

ಅವರು ಬಲಗೈ ಮುಂದೆ ಚಾಚಿದರು. ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ತುದಿಯಲ್ಲಿ ಸುಟ್ಟ ಗಾಯ. ಉದ್ದನೆಯ, ತೆಳ್ಳನೆಯ ಗೆರೆ. ಒಲೆಯ ಬೆಂಕಿ ಹಾಗೆ ಸುಡುವುದಿಲ್ಲ. ಅದು ಬೆಸುಗೆಯ ಕಡ್ಡಿ ತಾಗಿದ ಗುರುತು. ನನ್ನ ಕೈತುಂಬ ಅಂಥವೇ ಇವೆ.

ನಾನು ಬೋರ್ಡನ್ನು ಮೇಜಿನ ಮೇಲಿಟ್ಟೆ.

“ನೀವಾ...?”

“ನಿಮ್ಮಣ್ಣ ಮಾಡೋದನ್ನ ನೋಡಿ ನೋಡಿ ಕಲಿತೆ. ನೀಟಾಗಿ ಬರಲಿಲ್ಲ.”

ಅವರ ಕುತ್ತಿಗೆಗೆ ಕೈ ಹಾಕುವಷ್ಟು ಸಿಟ್ಟು ಬಂತು. ಹಾಕಿಯೂ ಬಿಟ್ಟೆ. ಸೆರಗು ಜಾರಿತು. ಕಿವಿಯಿಂದ ಭುಜದವರೆಗೆ ಹಸಿರು ಹಳದಿ ಕಲೆಗಳು. ವಾರದ ಹಿಂದಿನವು, ಅದಕ್ಕೂ ಹಳೆಯವು, ಒಂದರ ಮೇಲೊಂದು.

ಕೈ ತಾನಾಗಿಯೇ ಕೆಳಗಿಳಿಯಿತು.

“ಯಾವಾಗಿಂದ?”

“ಈ ಕಡೆ ಕಿವಿ ಕೇಳೋದು ನಿಂತು ತುಂಬಾ ದಿನ ಆಯ್ತು,” ಅಂದರು. “ಪಾರ್ಲರಿನ ಹಿಂದೇನೇ ನಮ್ಮ ಮನೆ, ಗೊತ್ತಲ್ಲ. ಕೂಗಿದ್ರೆ ಎಲ್ಲಾ ಕೇಳುತ್ತೆ. ಅದಕ್ಕೇ... ಹೊಡೆಯೋ ಮೊದಲು ಆ ಮಷೀನಿನ ಸೌಂಡ್ ಏರಿಸಿ ಬರ್ತಿದ್ರು.”

ನಾನು ಜಾರಿದ ಸೆರಗನ್ನು ಎತ್ತಿ ಅವರ ಭುಜಕ್ಕೆ ಹೊದಿಸಿದೆ.

“ಹೊಡೆಯೋ ದಿನ ಬಿಟ್ಟು ಬೇರೆ ಯಾವತ್ತೂ ಅದನ್ನ ಮುಟ್ಟಿದವರಲ್ಲ. ಆವತ್ತು ಬೆಳಿಗ್ಗೆ ವೈರ್ ಸಿಕ್ಕಿಸಿದೆ. ಸಂಜೆವರೆಗೂ ಮುಟ್ಟದೇ ಇದ್ರೆ ತೆಗೆದುಬಿಡೋಣ ಅಂದ್ಕೊಂಡೆ. ದೇವರಾಣೆಗೂ ಅಂದ್ಕೊಂಡಿದ್ದೆ...”

“ಆಮೇಲೆ?”

“ಮಧ್ಯಾಹ್ನಾನೇ ಮುಟ್ಟಿದ್ರು.”

ಶಟರ್ ಎತ್ತಿದೆ. ಪಾರ್ಟ್ನರ್ ಏದುಸಿರು ಬಿಡುತ್ತ ನಿಂತಿದ್ದ. ರಾಡು ಎಲ್ಲೋ ಬಿದ್ದುಹೋಗಿತ್ತು. ನನ್ನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಹೊಸ್ತಿಲ ಮೇಲೆ ಕುಸಿದು ಕೂತ.

“ನಿನಗೆ ಗೊತ್ತಿತ್ತಾ?”

“ಶಾಕ್ ಹೊಡೆದಾಗ ಮೊದಲು ಮೇಲೆ ಹತ್ತಿ ಬಂದವನು ನಾನೇ. ಮೇನ್ ಆರಿಸಿ ವೈರ್ ಕಿತ್ತೆ.” ಅವನ ದನಿ ಒಡೆಯಿತು. “ಅದಕ್ಕಿಂತ ಮೊದಲಿಂದು ಕೇಳ್ತಿದ್ದೀಯಾ? ಅದೂ ಗೊತ್ತಿತ್ತು. ನಾನು ಕೆಳಗೆ ಕೌಂಟರಲ್ಲಿ ಕೂತಿರ್ತಿದ್ದೆ. ಮೇಲೆ ಗೇಮ್ ಆಡ್ತಿದ್ದಾರೆ, ಅದೇ ಸದ್ದು ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ.”

“ಎಷ್ಟು ಸಲ ಹೇಳ್ಕೊಂಡೆ?”

ಅವನು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡ.

ನಾನು ಗೋಡೆಯ ಗಡಿಯಾರ ನೋಡಿದೆ. ಸಂಜೆಗೆ ಇನ್‌ಸ್ಪೆಕ್ಟರ್. ಕರೆದವಳು ನಾನೇ!

ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನು. ಅಪ್ಪ ಬೈದಾಗ ಅಡ್ಡ ಬಂದವನು. ಆ ಅಣ್ಣನೇ ಈ ಅಣ್ಣ. ಇಬ್ಬರನ್ನೂ ಒಂದೇ ಮುಖದಲ್ಲಿ ಕೂರಿಸಲು ನೋಡಿದೆ. ಆಗಲಿಲ್ಲ. ಅವನಿಗಾಗಿ ಅಳಬೇಕೆಂದು ವಾರದಿಂದ ತಡೆದಿಟ್ಟಿದ್ದ ಅಳು ಹಾಗೇ ಹುಳಿಯಾಯಿತು.

“ನನ್ನನ್ನ ಹಿಡಿದುಕೊಡು,” ಅಂದರು ಅತ್ತಿಗೆ. “ನೀನು ಮಷೀನ್ ಬಿಚ್ಚೋಕೆ ಹೋದದ್ದು ಗೊತ್ತಾಗಿಯೇ ಇಲ್ಲಿ ಬಂದು ಕೂತೆ. ನಾನು ಓಡಿಹೋಗಲ್ಲ.”

“ಸ್ವಲ್ಪ ಸುಮ್ನಿರಿ. ಬೆಳಕಿಗೆ ಅಡ್ಡ ಕೂತಿದ್ದೀರಿ.”

ಬೆಸುಗೆಯ ಕಡ್ಡಿ ಕಾಯಲು ಹಾಕಿದೆ. ಸೀಳಿದ ಐಸಿ ತೆಗೆದೆ. ಡಬ್ಬಿ ಜಾಲಾಡಿ ಅದೇ ನಂಬರಿನ ಹಳೆಯ ಐಸಿ ಹುಡುಕಿ ಕೂರಿಸಿದೆ. ಸುಟ್ಟ ರೆಸಿಸ್ಟರುಗಳನ್ನು ಕಿತ್ತು ಬೇರೆ ಹಾಕಿದೆ. ಬೋರ್ಡಿನ ಮಸಿಯನ್ನು ಬ್ರಷ್ಷಿನಿಂದ ಉಜ್ಜಿದೆ. ವಾಲ್ಯೂಮ್ ಕಂಟ್ರೋಲ್ ಪೂರ್ತಿ ಬದಲಿಸಿದೆ. ಹಳೆಯದನ್ನು ಸುತ್ತಿಗೆಯಿಂದ ಜಜ್ಜಿ ಚೂರು ಮಾಡಿದೆ. ಕೈ ನಡುಗಲಿಲ್ಲ. ಅದೊಂದೇ ನನಗೆ ಇಂದಿಗೂ ಭಯ ಹುಟ್ಟಿಸುವುದು.

ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಎಲ್ಲ ಮಷೀನಿನೊಳಗಿತ್ತು. ಅದರ ಹಿಂಬಾಗಿಲು ಮುಚ್ಚಿತ್ತು. ಒಡೆದ ಗಾಜನ್ನು ಪಾರ್ಟ್ನರ್ ಗುಡಿಸಿದ್ದ. ಅತ್ತಿಗೆ ಮೂಲೆಯಲ್ಲಿ ಸೆರಗು ಬಿಗಿಯಾಗಿ ಹೊದ್ದು ನಿಂತಿದ್ದರು.

“ಏನಮ್ಮಾ ತೋರಿಸ್ತೀನಿ ಅಂದ್ರಿ?”

“ಅರ್ಥಿಂಗ್ ಸರಿ ಇದೆಯಾ ಅಂತ ಅನುಮಾನ ಇತ್ತು ಸಾರ್. ಬಿಚ್ಚಿ ನೋಡಿದೆ. ಹಳೇ ವೈರಿಂಗು. ಅಣ್ಣ ಆರಿಸದೇ ಕೈ ಹಾಕಿದ್ದಾನೆ, ಅಷ್ಟೇ. ನಿಮ್ಮ ಟೈಮ್ ಹಾಳು ಮಾಡಿದೆ.”

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ನಾನೂ ದಿಟ್ಟಿಸಿದೆ. ಫ್ಯೂಸ್ ಹಾರಲಿಲ್ಲ.

“ರಿಪೇರಿ ಆಯ್ತಾ?”

“ಆಯ್ತು.”

ಸ್ವಿಚ್ ಹಾಕಿದೆ. ಮಷೀನ್ ಮಿಣುಗಿತು. ಅದರ ಕೀರಲು ಟ್ಯೂನು ಹಾಲ್ ತುಂಬ ಹರಡಿತು. ಮೂಲೆಯಲ್ಲಿ ಅತ್ತಿಗೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಪಾರ್ಟ್ನರ್ ಗೋಡೆ ಕಡೆ ತಿರುಗಿದ.

ಇನ್‌ಸ್ಪೆಕ್ಟರ್ ಮಾತ್ರ ನಕ್ಕರು. ಪರದೆಯ ಮೇಲಿಂದ ಕಣ್ಣು ಕೀಳಲಿಲ್ಲ.

“ಪರವಾಗಿಲ್ವೇ! ಇನ್ನೂ ಜೋರಾಗಿ ಬರುತ್ತಾ?”

“ಬರುತ್ತೆ ಸಾರ್,” ಅಂದೆ. “ಪಕ್ಕದಲ್ಲಿ ಜೀವ ಹೋದ್ರೂ ಕೇಳಿಸದಷ್ಟು ಜೋರಾಗಿ.”