ಇಪ್ಪತ್ತು ನಿಮಿಷ ಮೊದಲೇ ಆದ ಬೆಲ್

"ಏ, ಬೆಲ್ ಆತು! ನಡೀರ್ಲೇ!"

ಐದನೇ ಕ್ಲಾಸಿನ ಮಕ್ಕಳು ಹೋ ಎಂದು ಹೊರಗೋಡಿದರು. ಆರನೇ ಕ್ಲಾಸಿನಲ್ಲಿ ಟೀಚರ್ ಗಣಿತದ ಪೇಪರ್ ಇಸಿದುಕೊಳ್ಳತೊಡಗಿದರು. ಏಳನೇ ಕ್ಲಾಸಿನ ಅರುಣಾ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಹತ್ತು! ಪರೀಕ್ಷೆ ಮುಗಿಯಬೇಕಾದದ್ದು ಹನ್ನೊಂದೂವರೆಗೆ.

ರಾಣೆಬೆನ್ನೂರಿನ ಆ ಶಾಲೆಯಲ್ಲಿ ಬೆಲ್ ಬಾರಿಸುವುದು ಕಂಪ್ಯೂಟರ್. ಅದರ ಕೋಡ್ ಬರೆದವರು ಅರುಣಾ, ಅಯಾಜ್ ಮತ್ತು ಅವರ ಗೆಳೆಯರು. ಯಾರು ಏನು ಬದಲಿಸಿದರೂ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಇನ್ನೊಬ್ಬರಿಗೆ ತೋರಿಸಬೇಕು. ಅದು ಅವರೇ ಮಾಡಿಕೊಂಡ ರೂಲ್.

ನಿನ್ನೆ ಸಂಜೆ ಅರುಣಾ ಒಬ್ಬಳೇ ಕೂತು ಎರಡು ಬೆಲ್ಲಿಗೆ ಹೊಸ ಟ್ಯೂನ್ ಹಾಕಿದ್ದಳು. ಕೇಳಿ ನೋಡಲು ಅವುಗಳ ಟೈಮ್ ಬದಲಿಸಿ, ಆಮೇಲೆ ಹಳೆಯ ಟೈಮನ್ನು ನೆನಪಿನಿಂದಲೇ ತುಂಬಿದ್ದಳು. ಎಲ್ಲರಿಗೂ ಸರ್ಪ್ರೈಸ್ ಕೊಡಬೇಕೆಂದು ಏನನ್ನೂ ಬರೆದಿರಲಿಲ್ಲ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಹೆಡ್‌ಮಾಸ್ತರ್ ನಾಗಪ್ಪನವರು ಕೋಡ್ ಬರೆದ ಮಕ್ಕಳನ್ನೆಲ್ಲ ಲ್ಯಾಬಿಗೆ ಕರೆಸಿದರು.

"ಯಾರು ಕೈ ಹಚ್ಚೀರಿ ಇದಕ್ಕ?"

ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಅಯಾಜನ ಹೆಸರಿತ್ತು.

"ನಾ ಶನಿವಾರದ ಟೈಮ್ ಅಷ್ಟ ಬದಲ್ ಮಾಡೇನ್ರಿ ಸರ್. ಖರೇ ಹೇಳ್ತೇನ್ರಿ."

"ಮತ್ತ ಬೆಲ್ ತಾನ ಆತೇನು? ಕಸಗೊಂಡ ಪೇಪರ್ ಮತ್ತ ಹಂಚೇವಿ. ಒಂದು ಹುಡುಗಿ ಅಂತೂ ಅಳಾಕತ್ತಿದ್ಳು. ನಾಳಿಂದ ನೀ ಲ್ಯಾಬಿಗೆ ಬರಬ್ಯಾಡ."

ಲ್ಯಾಬಿಗಾಗಿಯೇ ಕುಪ್ಪೇಲೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುವ ಹುಡುಗ ಅಯಾಜ್.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರುಣಾ ಒಂದು ಹೆಜ್ಜೆ ಮುಂದೆ ಬಂದಳು.

"ಸರ್... ಅಂವ ಅಲ್ರಿ ಸರ್. ನಾ ಮಾಡೇನ್ರಿ. ಬರದೂ ಇಲ್ಲ, ಯಾರಿಗೂ ತೋರಿಸೂ ಇಲ್ರಿ."

ಹೆಡ್‌ಮಾಸ್ತರ್ ಅವಳನ್ನೇ ದಿಟ್ಟಿಸಿದರು. "ಊಟದ ಬೆಲ್ ಒಂದಕ್ಕ. ಅಷ್ಟರಾಗ ಸರಿ ಮಾಡ್ರಿ. ಅದೂ ತಪ್ಪಿತಂದ್ರ ಕಂಪ್ಯೂಟರ್ ಬಂದ್, ತಿಳೀತಿಲ್ಲೋ?"

ಹೆಡ್‌ಮಾಸ್ತರ್ ಮತ್ತು ಉಳಿದವರು ಹೋದ ಮೇಲೆ ಅಯಾಜ್ ಕಿಟಕಿಯ ಕಡೆ ತಿರುಗಿದ. "ಒಂದ ಸಾಲು ಬರಿಯಾಕ ನಿನಗೇನ್ ಧಾಡಿ ಆಗಿತ್ತು?"

ಅರುಣಾ ಕಂಪ್ಯೂಟರಿನ ಮುಂದೆ ಕೂತಳು. ಹನ್ನೊಂದು ಹತ್ತನ್ನು ಹನ್ನೊಂದೂವರೆ ಮಾಡಿದಳು. ಸೇವ್ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ನೋಟ್‌ಬುಕ್ ಎಳೆದುಕೊಂಡು ನಿನ್ನೆ ಮಾಡಿದ್ದನ್ನೂ ಈಗ ಮಾಡಿದ್ದನ್ನೂ ಬರೆದಳು.

"ಅಯಾಜ್, ಒಮ್ಮೆ ನೋಡೋ."

ಅವನು ಬರಲಿಲ್ಲ. ಹನ್ನೆರಡೂಮುಕ್ಕಾಲಾಯಿತು. ಕೊನೆಗೆ ಬಂದವನು ನಿಂತುಕೊಂಡೇ ಸ್ಕ್ರೀನಿನ ಮೇಲಿದ್ದ ಬೆಲ್ ಟೈಮುಗಳನ್ನು ಓದತೊಡಗಿದ. ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟ.

"ಊಟದ ಬೆಲ್ ಎರಡಕ್ಕ ಅಂತ ಐತಿ ಇಲ್ಲಿ."

ಅರುಣಾ ಬೆಚ್ಚಿದಳು. ನಿನ್ನೆಯಿಂದ ಆ ಸಾಲನ್ನು ಅವಳು ನಾಲ್ಕು ಸಲವಾದರೂ ನೋಡಿದ್ದಳು. ತಪ್ಪು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ತಿದ್ದಿ, ಅವನಿಗೆ ತೋರಿಸಿ, ಸೇವ್ ಒತ್ತಿದಳು. ಒಂದಕ್ಕೆ ಸರಿಯಾಗಿ ಬೆಲ್ ಆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದ ಸದ್ದು ಕೇಳಿಸಿತು.

ಅಯಾಜನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅರುಣಾ ಎದ್ದು ಕುರ್ಚಿಯನ್ನು ಅವನ ಕಡೆ ಸರಿಸಿದಳು.

"ಇನ್ನೂ ಎಂಟು ಸಾಲು ಅದಾವು. ನೀ ಓದು, ನಾ ಕೇಳ್ತೇನಿ."

ಅವನು ಒಂದು ಕ್ಷಣ ನಿಂತ. ಆಮೇಲೆ ಕೂತ.