ಕೊಕ್ಕರೆ ಹೊಡೆದುಹಾಕಿದ ಐದು ಲೆಕ್ಕ

ಹಿಂದಿನ ಬೆಂಚಿನ ಹುಡುಗ ಹುಡುಗಿಯ ಜಡೆ ನೋಡುವುದುಂಟು, ಕೊರಳು ನೋಡುವುದುಂಟು. ಕೊಕ್ಕರೆ ನೋಡುತ್ತಿದ್ದದ್ದು ಮುಂದೆ ಕೂತವಳ ಉತ್ತರಪತ್ರಿಕೆಯನ್ನು. ಅವನ ಉದ್ದ ಕತ್ತಿಗೆ ಗೆಳೆಯರು ಇಟ್ಟ ಹೆಸರು ಅದು. ಮೂರು ವರ್ಷದಿಂದ ಫಾರ್ಮಸಿಯ ಪ್ರತಿ ಪರೀಕ್ಷೆಯಲ್ಲೂ ಬೆಂಚು ಕಿರ್ರೆಂದರೆ ಸಾಕು, ಅವಳ ಕಿವಿ ಬೆಚ್ಚಗಾಗುತ್ತಿತ್ತು. ಮೆಲ್ಲಗೆ ಭುಜ ಸರಿಸಿ ಕೊಡುತ್ತಿದ್ದಳು.

ಕೊನೆಯ ಪರೀಕ್ಷೆಗೆ ತಿಂಗಳಿರುವಾಗ, ಲ್ಯಾಬಿನ ಸಿಂಕಿನಲ್ಲಿ ಇಬ್ಬರೂ ಸೀಸೆ ತೊಳೆಯುತ್ತಿದ್ದರು.

"ಈ ಸಲ ನಾನೇ ಓದ್ತೀನಿ. ಸ್ವಂತ ಬುದ್ಧೀಲಿ ಪಾಸಾಗಿ, ನಿಮ್ಮಪ್ಪನ ಹತ್ರ ಬಂದು ಮಾತಾಡ್ತೀನಿ."

"ನಮ್ಮಪ್ಪ ನಿನಗೇನು ವೈವಾ ಮಾಡ್ತಾರಾ?"

"ಮಾಡ್ಲಿ ಬಿಡು. ಮಗಳ ಬಗ್ಗೆ ಕೇಳಿದ್ರೆ ನೂರಕ್ಕೆ ನೂರು."

ಅವಳು ಅವನ ಮುಖಕ್ಕೆ ನೊರೆ ಎರಚಿದಳು.

ಮನೆಯಲ್ಲಿ ಅಕ್ಕ ಮೂಗು ಮುರಿದಳು. "ಹೊಳೆ ದಾಟೋವರೆಗೆ ಅಂಬಿಗನ ಮೇಲೆ ಎಲ್ಲರಿಗೂ ಪ್ರೀತೀನೇ ಕಣೇ. ಈ ಸಲ ಇಣುಕದೇ ಇದ್ರೆ ನಂಬು."

ಕಿವಿಗೆ ಹೊಕ್ಕ ಇರುವೆಯಂತೆ ಆ ಮಾತು ಕೊರೆಯತೊಡಗಿತು. ಪರೀಕ್ಷೆಯ ಹೊತ್ತಿಗೆ ಅವಳು ತೀರ್ಮಾನಿಸಿಬಿಟ್ಟಿದ್ದಳು: ಇಣುಕದಿದ್ದರೆ ಮದುವೆ, ಇಣುಕಿದರೆ ಇಲ್ಲಿಗೆ ಮುಗಿಯಿತು. ಔಷಧದ ಪ್ರಮಾಣ ಕಂಡುಹಿಡಿಯುವ ಐದು ಲೆಕ್ಕಗಳಿಗೇ ಅರ್ಧದಷ್ಟು ಅಂಕ. ಐದನ್ನೂ ಬೇಕೆಂದೇ ತಪ್ಪಾಗಿ, ದಪ್ಪ ಅಕ್ಷರದಲ್ಲಿ ಬರೆದು ಭುಜ ಸರಿಸಿದಳು.

ಹಿಂದೆ ಅವನ ಪೆನ್ನು ಎಡೆಬಿಡದೆ ಓಡುತ್ತಿತ್ತು. ಅವಳ ಎದೆ ಹಗುರಾಯಿತು. ಆಮೇಲೆ ಬೆಂಚು ಕಿರ್ರೆಂದಿತು.

ಅಳು ಬರಲಿಲ್ಲ. ಬಂದದ್ದು ಒಂದು ಕೆಟ್ಟ ಸಂತೋಷ. ನೋಡಪ್ಪಾ, ಚೆನ್ನಾಗಿ ನೋಡಿಕೋ! ಕೊನೆಯ ಹತ್ತು ನಿಮಿಷದಲ್ಲಿ ಕೈ ಅಡ್ಡವಿಟ್ಟು ತನ್ನ ಐದೂ ಲೆಕ್ಕಗಳನ್ನು ತಿದ್ದಿದಳು.

ಅವಳು ಮೊದಲಿಗಳಾದಳು, ಅವನು ಫೇಲಾದ.

ಉತ್ತರಪತ್ರಿಕೆ ತೋರಿಸುವ ದಿನ ಅವನು ಆಫೀಸಿನ ಮೇಜಿನ ಬಳಿ ತನ್ನದನ್ನು ಅವಳ ಮುಂದಿಟ್ಟ. "ಎಲ್ಲಿ ತಪ್ಪಿದೆ ಸ್ವಲ್ಪ ಹೇಳು. ನನಗೆ ಗೊತ್ತಾಗ್ತಿಲ್ಲ."

ಐದೂ ಲೆಕ್ಕಗಳು ಸರಿಯಿದ್ದವು. ಒಂದೊಂದರ ಮೇಲೂ ಅಡ್ಡಗೆರೆ. ಕೆಳಗೆ ಅವಳ ತಪ್ಪು ಉತ್ತರಗಳು.

"ಇವೆಲ್ಲ... ನೀನೇ ಮಾಡಿದ್ದಾ?"

"ಹೂಂ. ಮುಗಿಸಿ, ಸರಿಯಿದೆಯಾ ಅಂತ ನಿಂದನ್ನ ಒಂದ್ಸಲ ನೋಡ್ದೆ. ಬೇರೆ ಇತ್ತು." ಅವನು ನಕ್ಕ. "ನೀನೆಲ್ಲಾದ್ರೂ ತಪ್ಪು ಬರೀತೀಯಾ? ನಂದೇ ತಪ್ಪಿರ್ಬೇಕು ಅಂತ ಹೊಡೆದುಹಾಕ್ದೆ."

ಮಾತಾಡುತ್ತಲೇ ಅವಳ ಪತ್ರಿಕೆಯನ್ನು ಎಳೆದುಕೊಂಡ. ತಿದ್ದಿದ ಐದೂ ಉತ್ತರಗಳ ಮೇಲೆ ಬೆರಳಾಡಿಸಿದ. ಈ ಲೆಕ್ಕಕ್ಕೆ ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

"ಬೇಕಂತ್ಲೇ ಮಾಡಿದ್ಯಾ?"

ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದ. ಅದು ಗೊತ್ತಿದ್ದದ್ದರಿಂದಲೇ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಹೌದು. ನನ್ನ ಪ್ರೀತಿಸ್ತೀಯೋ, ನನ್ನ ಪೇಪರನ್ನೋ ಅಂತ ನೋಡ್ಬೇಕಿತ್ತು."

"ನೋಡಾಯ್ತಲ್ಲ," ಎಂದ ಅವನು.

ಪತ್ರಿಕೆಯನ್ನು ಗುಮಾಸ್ತರಿಗೆ ಒಪ್ಪಿಸಿ, ಸಹಿ ಹಾಕಿ, ಬಾಗಿಲು ದಾಟಿ ಹೋದ. ಅವಳಿಗೆ ಅವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.