ಬಣವೆ ಹಿಂದಿನ ಎಡೆ

ಡಿಸೆಂಬರ್ ಇಪ್ಪತ್ಮೂರು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ವಿರುಪಣ್ಣ ಕುಕನೂರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಕೂರಲು ಹೇಳಿದರೂ ಕೂರಲಿಲ್ಲ.

"ನಮ್ಮ ಹೊಲದಾಗಿನ ದೇವರು ಕಳುವಾಗೈತ್ರಿ, ಮೇಡಮ್ಮಾರ."

ಪಿಎಸ್‌ಐ ಶೈಲಶ್ರೀ ಪೆನ್ನಿನ ಮುಚ್ಚಳ ತೆಗೆದರು. "ಯಾವ ದೇವರು?"

"ಕಲ್ಲರಿ. ಮೊಣಕಾಲೆತ್ತರ. ಮ್ಯಾಲ ಹಳೇ ಕಾಲದ ಅಕ್ಷರ ಅದಾವು. ನಮ್ಮಜ್ಜನ ಕಾಲದಿಂದ ಎಣ್ಣಿ ಹಚ್ಚಿ ಎಡಿ ಹಿಡೀತೀವಿ. ನಿನ್ನೆ ಎಲ್ಲಾರೂ ಯಲಬುರ್ಗಾಕ್ಕ ತೊಟ್ಟಿಲ ಕಾರ್ಯಕ್ಕ ಹೋಗಿದ್ವಿ. ಸೊಸಿ ಒಬ್ಬಾಕಿನ ಮನಿಯಾಗ ಎಮ್ಮಿ ಹಿಂಡಾಕ ಇದ್ಲು. ಸಂಜಿಕ ಬಂದು ನೋಡಿದ್ರ ಬರೇ ಕುಣಿ ಐತಿ."

"ಯಾರ ಮ್ಯಾಲರ ಗುಮಾನಿ?"

ವಿರುಪಣ್ಣ ಅಂಗಿಯ ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದೇ ಕಲ್ಲಿನ ಪಕ್ಕ ಕುಂಚ ಹಿಡಿದು ಕೂತ ಹುಡುಗಿಯ ಫೋಟೊ. ಇತಿಹಾಸದ ವಿದ್ಯಾರ್ಥಿನಿ ಸುಕನ್ಯಾಳಿಂದ ಅಪರೂಪದ ಶಾಸನ ಪತ್ತೆ ಎಂದು ಕೆಳಗೆ ಬರೆದಿತ್ತು.

"ಈಕಿರಿ. ಬಂದು ಬಂದು ಕಲ್ಲು ತಿಕ್ಕಿದ್ದೇ ತಿಕ್ಕಿದ್ದು. ಹೋದ ವಾರ ಹಾರಿ ತಂದು ಬುಡಾ ಬ್ಯಾರೆ ಕೆದರ್ಯಾಳ."

ಕಲ್ಲನ್ನು ಪುರಾತತ್ವ ಇಲಾಖೆಯವರು ಆಗಲೇ ಬಂದು ಗುರುತು ಮಾಡಿ ಹೋಗಿದ್ದರು. ಹಾಗಾಗಿ ಇದು ಬರೀ ಹೊಲದ ಕಲ್ಲಿನ ಮಾತಾಗಿ ಉಳಿಯಲಿಲ್ಲ. ಎಫ್‌ಐಆರ್ ದಾಖಲಾಯಿತು. ಗುಮಾನಿ ಇರುವ ವ್ಯಕ್ತಿಯ ಹೆಸರಿನ ಮುಂದೆ ಸುಕನ್ಯಾ, ಊರು ಹುಲಿಹೈದರ ಎಂದು ಬಂತು.

ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ಹುಲಿಗೆಪ್ಪನ ಜೊತೆ ಹೋಗಿ ಶೈಲಶ್ರೀ ಸ್ಥಳ ಪಂಚನಾಮೆ ಮಾಡಿದರು. ವಿರುಪಣ್ಣನ ಮನೆ ಊರ ಹೊರಗೆ, ಹೊಲಕ್ಕೆ ಹತ್ತಿಕೊಂಡೇ ಇತ್ತು. ಕುಣಿಯ ಸುತ್ತ ಟ್ರ್ಯಾಕ್ಟರಿನದಾಗಲಿ ಕಾರಿನದಾಗಲಿ ಗಾಲಿ ಗುರುತು ಇರಲಿಲ್ಲ. ನೀರು ತರುವ ತಳ್ಳುಗಾಡಿಯ ಸಣ್ಣ ಗೆರೆಗಳಿದ್ದವು. ಆದರೆ ಬೋರಿನಿಂದ ಮನೆಗೆ ಆ ಗಾಡಿ ದಿನವೂ ಅದೇ ದಾರಿಯಲ್ಲಿ ಓಡಾಡುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಚಹಾ ತಂದವಳು ಸೊಸೆ ಮಹೇಶ್ವರಿ. ಕಪ್ಪು-ಬಸಿ ಕೈಗಿಡುತ್ತ, ಯಾರೂ ಕೇಳದೆಯೇ ಹೇಳಿದಳು, "ಆ ಸುಕನ್ಯಾ ಭಾಳ ಶ್ಯಾಣ್ಯಾಕಿರಿ. ಏನು ಮಾಡಾಕೂ ಹೇಸೂದಿಲ್ಲ."

ಮರುದಿನ ಹುಲಿಗೆಪ್ಪ ಹುಲಿಹೈದರಕ್ಕೆ ಹೋಗಿ ಬಂದ. ಅವನ ಮುಖದಲ್ಲಿ ನಗೆ.

"ಅವರಪ್ಪ ಅಮರಪ್ಪ ಗಂಗಾವತಿ ಅಕ್ಕಿ ಗಿರಣ್ಯಾಗ ಹಮಾಲ್ರಿ. ಮನಿ ತುಂಬ ಮಸಿ ಬಳಿದ ಹಾಳಿ. ಬಾಜೂ ಮನಿ ಜುಬೇದಾಬೀ ಅಂತೂ, 'ಹುಡುಗಿ ಮಾಟ ಕಲತಾಳ, ನಾ ಆ ಕಡಿ ಹಾಯೂದ ಬಿಟ್ಟೀನಿ' ಅಂದ್ಲು. ಕಲ್ಲು ಮಾತ್ರ ಇಲ್ರಿ."

ಸಂಜೆ ಸುಕನ್ಯಾಳನ್ನು ಕರೆಸಿ ಹೇಳಿಕೆ ಪಡೆದರು. ತೆಳ್ಳಗಿನ ಹುಡುಗಿ. ಉಗುರಿನ ಸಂದಿಯಲ್ಲಿ ಇನ್ನೂ ಮಸಿ ಇತ್ತು.

"ಏನು ಓದತಿ?"

"ಎಂ.ಎ. ಇತಿಹಾಸ, ಎರಡನೇ ವರ್ಷರಿ. ಕೊಪ್ಪಳದಾಗ."

"ಹಾಳಿಗಿ ಮಸಿ ಯಾಕ?"

"ಅಚ್ಚು ತೆಗೀತೀವ್ರಿ. ಕಲ್ಲು ತೊಳದು, ಹಸೀ ಹಾಳಿ ಹಚ್ಚಿ, ಕುಂಚದಿಂದ ಬಡದು, ಮ್ಯಾಲ ಮಸಿ ಒತ್ತಿದ್ರ ಅಕ್ಷರ ಬೆಳ್ಳಗ ಬೀಳತಾವ. ಆಮ್ಯಾಲ ಕುಂತು ಓದಬೌದು."

"ಹಾರಿ ಯಾಕ ಒಯ್ದಿದ್ದಿ?"

"ಕೆಳಗಿನ ಸಾಲು ಮಣ್ಣಾಗ ಹುಗದಿದ್ವು."

"ಭಾನುವಾರ ಎಲ್ಲಿದ್ದಿ?"

"ಹೇಮಗುಡ್ಡದಾಗ. ಬಿ.ಎ. ಹುಡುಗರಿಗೆ ಹಳೇ ರಾಜರ ಕ್ವಾಟಿ ತೋರ್ಸಾಕ ಹೋಗಿದ್ದೆ. ರಜಾ ಬಂತಂದ್ರ ನಂದು ಇದ ಕೆಲಸರಿ, ಊರೂರು ಕಲ್ಲು ನೋಡೂದು." ಅವಳು ಮಸಿಯ ಉಗುರುಗಳನ್ನು ಅಂಗೈಯೊಳಗೆ ಮಡಿಸಿದಳು. "ಮೇಡಂ, ಈ ಕೇಸು ಮೈಮ್ಯಾಲ ಬಂದ್ರ ನನ್ನ ಸಂಶೋಧನಾ ಸೀಟು ಹೋಕ್ಕತ್ರಿ. ಮತ್ತ ನಾನೂ ಗಿರಣಿಗೇ ಹೋಗಬೇಕು."

ಶೈಲಶ್ರೀ ಹಾಳೆ ತಿರುವಿ ಕೇಳಿದರು. "ಅಲ್ಲೊಂದು ಕಲ್ಲು ಐತಿ ಅಂತ ನಿನಗ ಹೆಂಗ ಗೊತ್ತಾತು?"

ಹುಡುಗಿ ತಲೆ ತಗ್ಗಿಸಿದಳು. "ಗೆಳತಿ ಫೋನ್ ಮಾಡಿದ್ಲು. ಮಹೇಶ್ವರಿ. ಅದ ಮನಿ ಸೊಸಿ. ಬಿ.ಎ.ದಾಗ ಇಬ್ರೂ ಕೂಡಿ ಓದಿದ್ವಿ."

"ಪೇಪರಿನ್ಯಾಗ ಆಕಿ ಹೆಸರು ಐತೇನು?"

"ಇಲ್ರಿ."

ಹೇಮಗುಡ್ಡದ ಮಾತು ನಿಜವೆಂದು ಹುಡುಗರೂ ಅವರ ಫೋಟೊಗಳೂ ಹೇಳಿದವು. ಆದರೂ ಬೇರೆಯವರಿಂದ ತೆಗೆಸಿರಬಹುದಲ್ಲ ಎಂಬ ಮಾತು ಕುಕನೂರಿನಿಂದ ಕೊಪ್ಪಳದವರೆಗೆ ಓಡಾಡಿತು. ಶೈಲಶ್ರೀಗೆ ಮಾತ್ರ ಗೆಳೆತನದ ಸುದ್ದಿ ಎತ್ತದೆ ಮಹೇಶ್ವರಿ ಚಹಾದ ಜೊತೆ ಆಡಿದ ಆ ಮಾತು ತಲೆಯಲ್ಲೇ ಉಳಿದಿತ್ತು.

ಮೂವತ್ತರಂದು ಎಳ್ಳಮಾವಾಸ್ಯೆ ಬಂತು. ಮನೆಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಶೈಲಶ್ರೀ ವಿರುಪಣ್ಣನ ಹೆಂಡತಿ ಮುದುಕವ್ವನ ಮುಂದೆ ಕಟ್ಟೆಯ ಮೇಲೆ ಕೂತಿದ್ದರು. ಮಹೇಶ್ವರಿ ನೀರಿಗೆ ಹೋಗಿದ್ದಳು.

"ನಿನ್ನೆ ಅಮಾಸಿ ಹೆಂಗಾತಬೇ?"

"ಏನಾಗೂದ್ ಬಿಡ ಯವ್ವಾ, ದೇವರಿಲ್ಲದ ಅಮಾಸಿ. ಹೊಲದ ತುಂಬ ಚರಗದ ಅನ್ನ ಚೆಲ್ಲಿ, ಉಂಡು ಬಂದ್ವಿ. ಎಡಿ ಯಾರಿಗೆ ಹಿಡೀತಿ, ಸುಮ್ಮನಿರು ಅಂದೆ. ಸೊಸಿ ಕೇಳಬೇಕಲ್ಲ? ಎಲಿ ತುಂಬ ಶೇಂಗಾ ಹೋಳಿಗಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಹಾಕ್ಕೊಂಡು ನಡದ ಬಿಟ್ಲು."

"ಹೊಲಕ್ಕೇನು?"

"ಇಲ್ಲಬೇ, ಹಿತ್ತಲಕ. ಎಮ್ಮಿಗಿ ಹಾಕಾಕ ಅಂದ್ಲು."

"ಕೂಡ ದೀಪ ಒಯ್ದಿದ್ಲೇನು?"

"ಎಡಿ ಅಂದ ಮ್ಯಾಲ ದೀಪ ಇರೂದಿಲ್ಲೇನು? ಪೊಲೀಸರಾಗಿ ಇಷ್ಟೂ ತಿಳೀದಿಲ್ಲಲ್ಲ ನಿಮಗ!"

ಮುದುಕವ್ವ ನಕ್ಕಳು. ಶೈಲಶ್ರೀ ನಗಲಿಲ್ಲ. ಎಮ್ಮೆಯ ಮುಂದೆ ದೀಪ ಹಚ್ಚಿಟ್ಟು ಉಣಿಸುವುದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

ಹಿತ್ತಲಿನಲ್ಲಿ ಎಮ್ಮೆ ಕಟ್ಟುವ ಗೂಟದ ಬಳಿ ಏನೂ ಇರಲಿಲ್ಲ. ಮೇವಿನ ಬಣವೆಯ ಹಿಂದೆ, ಗೋಡೆಗೂ ಬಣವೆಗೂ ನಡುವಿನ ಸಂದಿಯಲ್ಲಿ, ಇರುವೆಗಳು ಹೋಳಿಗೆಯ ತುಣುಕು ಹೊತ್ತು ಸಾಲು ಹಿಡಿದಿದ್ದವು. ಪಕ್ಕದಲ್ಲಿ ಎಣ್ಣೆ ತೀರಿದ ಪಣತಿ. ಹುಲಿಗೆಪ್ಪ ಪಂಚರನ್ನು ಕರೆತಂದ ಮೇಲೆ ಅವರೆದುರಿಗೇ ಮೇವಿನ ಸಿವುಡುಗಳನ್ನು ಒಂದೊಂದಾಗಿ ಎಳೆದು ಹಾಕಿದರು.

ಕಲ್ಲು ನೆಟ್ಟಗೆ ನಿಂತಿತ್ತು. ಕೆಳಗೆ ಮಡಿಸಿದ ಕೌದಿ. ಮೈಗೆ ಹೊಸ ಎಣ್ಣೆ, ಹಣೆಗೆ ಕುಂಕುಮ, ಮುಖ ಮೂಡಣಕ್ಕೆ.

"ಕದ್ದವರು ಇಷ್ಟು ಜ್ವಾಕಿ ಮಾಡ್ತಾರೇನ್ರಿ?" ಎಂದ ಹುಲಿಗೆಪ್ಪ.

ಜಪ್ತಿ ಪಂಚನಾಮೆ ಬರೆಯುತ್ತಿರುವಾಗ ತಳ್ಳುಗಾಡಿಯ ಸದ್ದಾಯಿತು. ಮಹೇಶ್ವರಿ ತುಂಬಿದ ಕೊಡಗಳನ್ನು ಹಾಗೇ ಬಿಟ್ಟು ನಿಂತಳು.

"ಈ ಗಾಡಿ ಮ್ಯಾಲ ಒಯ್ದೇನು?"

"ಹೌದ್ರಿ. ಬುಡ ಸಡಲಿತ್ತು."

"ಮಾರಾಕೇನು?"

"ಛೇ! ಅದನ್ನ ಮಾರತಾರೇನ್ರಿ?"

"ಮತ್ತ ಯಾಕ?"

ಅವಳು ಅತ್ತೆ ಕೂತ ಕಡೆ ನೋಡಿದಳು. ಆಮೇಲೆ ಮಾತು ಕಟ್ಟೆ ಒಡೆದಂತೆ ಬಂತು. ಮದುವೆಯಾಗಿ ಬಂದ ವರ್ಷ ಎಡೆ ಹಿಡಿದು ಹೊಲಕ್ಕೆ ಹೋದಾಗ, ಸೆರಗಿನಿಂದ ಎಣ್ಣೆ ಒರೆಸಿ ಆ ಅಕ್ಷರಗಳನ್ನು ಮೊದಲು ಕಂಡವಳು ಅವಳು. ಬಿ.ಎ. ಓದುವಾಗ ಹಳೆಯ ಲಿಪಿಯನ್ನು ಸುಕನ್ಯಾಳ ಕೈ ಹಿಡಿದು ತಿದ್ದಿಸಿದವಳೂ ಅವಳೇ. ಖುಷಿಗೆ ತಾನೇ ಫೋನ್ ಮಾಡಿ ಕರೆದಿದ್ದಳು.

"ಪೇಪರಿನವ್ರು ಬಂದಾಗ ನಾನು ಒಳಗ ಚಾ ಕಾಸಾಕ ಹತ್ತಿದ್ದೆ. ಹೊರಗ ಫೋಟೊ ತಗದ್ರು. ಅತ್ತಿ ಅದನ್ನ ಕತ್ತರಿಸಿ ದೇವರ ಜಗಲಿ ಬಾಜೂ ಹಚ್ಚಿದ್ಲು. ನನ್ನ ಗಂಡ ಫೋನಿನ ಸ್ಟೇಟಸ್‌ಗೆ ಹಾಕ್ಕೊಂಡು, 'ನೋಡ, ಹುಡುಗಿ ಅಂದ್ರ ಹಿಂಗಿರಬೇಕು' ಅಂದ. ನಾ ರೊಟ್ಟಿ ಬಡೀತಿದ್ದೆ. ಇಡೀ ಮನಿಯಾಗ ಆಕೀದ ಮಾತು. ಕಲ್ಲ ಇಲ್ಲಂದ್ರ ಹೆಂಗ ಮೆರೀತಾಳ ನೋಡೂಣು ಅನ್ನಿಸ್ತು."

"ಆಕಿ ಮ್ಯಾಲ ಕೇಸ್ ಬಿದ್ದಾಗ?"

"ಅವತ್ತ ನಾ ಹೊಟ್ಟಿ ತುಂಬ ಉಂಡೆರಿ."

ವಿರುಪಣ್ಣ ಓಡಿಬಂದ. "ಮೇಡಮ್ಮಾರ, ಮನಿ ಮರ್ಯಾದಿ. ಕಂಪ್ಲೇಂಟ್ ವಾಪಸ್ ತಗೋತೀನ್ರಿ."

"ಆ ಹುಡುಗಿಗೂ ಮರ್ಯಾದಿ ಇತ್ತಲ್ಲ ವಿರುಪಣ್ಣ. ಎಫ್‌ಐಆರ್ ಆಗೈತಿ," ಎಂದರು ಶೈಲಶ್ರೀ.

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಮಹೇಶ್ವರಿಯನ್ನು ದಸ್ತಗಿರಿ ಮಾಡಲಾಯಿತು. ಪ್ರಕರಣಕ್ಕೂ ತನಗೂ ಸಂಬಂಧವಿಲ್ಲವೆಂಬ ಮಾತು ಕೇಳಲು ಕೊಪ್ಪಳದಿಂದ ಬಸ್ಸಿನಲ್ಲಿ ಬಂದ ಸುಕನ್ಯಾ, ಠಾಣೆಯಲ್ಲಿ ಗೆಳತಿಯನ್ನು ಕಂಡು ಬಾಗಿಲಲ್ಲೇ ನಿಂತಳು.

"ಒಂದು ಮಾತು ಕೇಳಿದ್ರ ಪೇಪರಿನ್ಯಾಗ ನಿನ್ನ ಹೆಸರೂ ಹಾಕಸ್ತಿದ್ದೆನಲ್ಲಲೇ ಮಹೇಶ್ವರೀ."

ಮಹೇಶ್ವರಿ ತಲೆ ಎತ್ತಿದಳು.

"ನಾ ಕೇಳಬೇಕಾಗಿತ್ತೇನು?"

ಹುಲಿಗೆಪ್ಪ ಜೀಪು ತಂದ. ಮಹೇಶ್ವರಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಯಲಬುರ್ಗಾಕ್ಕೆ ಕರೆದೊಯ್ಯಬೇಕಿತ್ತು. ಹೊರಡುವ ಮುನ್ನ ಶೈಲಶ್ರೀ ಸುಕನ್ಯಾಳಿಗೆ, "ನೀನಿನ್ನ ಹೋಗಬೌದು. ನಿನ್ನ ಮ್ಯಾಲ ಏನೂ ಇಲ್ಲ," ಎಂದರು.

ಹುಡುಗಿ ತಲೆಯಾಡಿಸಿ, ಗೆಳತಿ ಎದ್ದುಹೋದ ಬೆಂಚಿನ ಮೇಲೆ ಕೂತಳು. ಕೊಪ್ಪಳದ ಬಸ್ಸು ಠಾಣೆಯ ಮುಂದೆಯೇ ಬಂದು ನಿಂತು, ಕಂಡಕ್ಟರ್ ಎರಡು ಸಲ ಕೂಗಿದರೂ ಅವಳು ಬೆಂಚಿನಿಂದ ಏಳಲಿಲ್ಲ.